ಕತ್ತರಿ ಮಾವನ ಮೊಂಡು ಉಳಿ

ಕಟಿಂಗ್ ಶಾಪಿನ ಹಿಂದಿನ ಕೋಣೆಯಿಂದ ಹೊಗೆ ಬರುತ್ತಿತ್ತು. ಬೀದಿಯವರೆಲ್ಲ ಕತ್ತರಿ ಮಾವ ಎಂದೇ ಕರೆಯುವ ಅಂಗಡಿಯ ಯಜಮಾನರು ಮರ ಕಡೆಯುವ ಲೇತನ್ನು ಹೊಸದಾಗಿ ತಂದಿದ್ದರು. ಹೆಂಡತಿಗೆ ಒಂದು ಲಟ್ಟಣಿಗೆ ಮಾಡಿಕೊಡುವ ಹುಮ್ಮಸ್ಸು. ಗರಗರ ತಿರುಗುವ ಮರಕ್ಕೆ ಉಳಿ ಕೊಟ್ಟರೆ ಸುರುಳಿ ಸುರುಳಿಯಾಗಿ ಸಿಪ್ಪೆ ಏಳಬೇಕು. ಮಾವನಿಗೆ ಬಂದದ್ದು ಬರೀ ಪುಡಿ, ಜೊತೆಗೆ ಉಜ್ಜಿದ ಬಿಸಿಗೆ ಹೊಗೆ. ಪುಡಿ ಬಂದಷ್ಟೂ ಹಲ್ಲು ಕಚ್ಚಿ ಒತ್ತಿದರು. ಕೊನೆಗೆ ಉಳಿ ಗಕ್ಕನೆ ಮರಕ್ಕೆ ಕಚ್ಚಿಕೊಂಡಿತು. ಮರ ಚಿಮ್ಮಿ, ಬಾಗಿಲು ದಾಟಿ, ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ಕಿವಿಯ ಪಕ್ಕದಲ್ಲೇ ಹಾದು ಬಕೆಟ್ಟಿಗೆ ಬಿತ್ತು.

ಆಕೆ ಅದನ್ನು ಎತ್ತಿಕೊಂಡು ಬಂದರು. "ರೀ, ಇದು ಲಟ್ಟಿಸೋಕೆ ಮಾಡಿದ್ದೋ, ನನ್ನನ್ನೇ ಮುಗಿಸೋಕೋ?"

"ಮರ ಸರಿ ಇಲ್ಲ ಕಣೇ," ಎಂದರು ಮಾವ.

ಆಕೆ ನೆಟ್ಟಗೆ ಎದುರುಮನೆಗೆ ಹೋಗಿ ಬುಗುರಿ ಅಕ್ಕನನ್ನು ಕರೆತಂದರು. ಲೇತಿನಲ್ಲಿ ಬುಗುರಿ, ಗಿಲಕಿ ಕಡೆದು ಮಾರುವವಳು ಅವಳು. ಬಂದವಳೇ ಉಳಿಯ ಅಂಚನ್ನು ಬೆಳಕಿಗೆ ಹಿಡಿದಳು.

"ಬಿಳೀ ಗೆರೆ ಮಿನುಗ್ತಿದೆ ನೋಡಿ ಮಾವ. ಹರಿತವಾದ ಅಂಚು ಹೀಗೆ ಮಿನುಗಲ್ಲ. ಸಾಣೆ ಹಿಡಿದಿದ್ದೀರಾ?"

"ಹೊಸ ಉಳಿ ಕಣಮ್ಮ. ಉಕ್ಕು. ಮರ ಕಡೆದ್ರೆ ಉಕ್ಕು ಸವೆಯುತ್ತಾ?"

"ಕೂದಲು ತೆಗೆದ್ರೆ ನಿಮ್ಮ ಕತ್ತಿ ಸವೆಯುತ್ತಾ?"

"ಅದು ಬೇರೆ."

"ಹಾಗಾದ್ರೆ ಕೂತ್ಕೊಳ್ಳಿ. ಮಸೆಯದ ಕತ್ತೀಲಿ ನಾನೇ ನಿಮಗೆ ಶೇವ್ ಮಾಡ್ತೀನಿ."

"ಸೋಪು ನಾನು ಹಚ್ತೀನಿ," ಎಂದು ಹೆಂಡತಿ ಬ್ರಷ್ ತೆಗೆದುಕೊಂಡೇಬಿಟ್ಟರು.

ಮಾವ ಎರಡೂ ಕೆನ್ನೆ ಮುಚ್ಚಿಕೊಂಡರು. "ಆಯ್ತು, ಆಯ್ತು. ಹೇಗೆ ಹಿಡಿಯೋದು ಹೇಳು."

ಬುಗುರಿ ಅಕ್ಕ ತನ್ನ ಮನೆಯ ಸಾಣೆ ಚಕ್ರದ ಮುಂದೆ ಅವರನ್ನು ನಿಲ್ಲಿಸಿ, ಮೊದಲು ಕಣ್ಣಿಗೆ ಕಿಡಿ ತಡೆಯುವ ಕನ್ನಡಕ ಹಾಕಿಸಿದಳು. ಉಳಿಯ ತುದಿಯಲ್ಲಿ ಅಂಚಿನತ್ತ ಇಳಿಯುವ ಓರೆ ಮುಖಕ್ಕೆ ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ತಾಗಿಸಿದಳು.

"ಬಣ್ಣ ಪೂರ್ತಿ ಅಳಿಸಿದ್ರೆ ಹಿಡಿದದ್ದು ಸರಿ ಅಂತ. ಒಂದೇ ಕಡೆ ಅಳಿಸಿದ್ರೆ ಹಿಡಿಯನ್ನ ಮೇಲೆ ಕೆಳಗೆ ಮಾಡಿ ನೋಡಿ. ಆಮೇಲೇ ಸ್ವಿಚ್ಚು."

ಸ್ವಿಚ್ಚು ಹಾಕಿದ್ದೇ ತಡ, ಮಾವ ಮತ್ತೆ ಹಲ್ಲು ಕಚ್ಚಿದರು. ಕಿಡಿ ಹಾರಿ ಅಂಚು ಕಾದು ನೀಲಿಗಟ್ಟಿತು.

"ಒತ್ತಬೇಡಿ ಮಾವ. ಗಿರಾಕಿ ಕೆನ್ನೆ ಅಂದ್ಕೊಳ್ಳಿ."

ಅಷ್ಟು ಹೇಳಿದ್ದೇ ಸಾಕಾಯಿತು. ಕೈ ತಾನಾಗಿ ಹಗುರಾಯಿತು. ಮನೆಗೆ ಮರಳಿ, ಮರವನ್ನು ಮತ್ತೆ ಲೇತಿಗೆ ಸಿಕ್ಕಿಸಿ ಉಳಿ ತಾಗಿಸಿದರೆ, ಉದ್ದನೆಯ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದಿತು. ಮಾವ ಯಂತ್ರ ನಿಲ್ಲಿಸಿ, ಅದನ್ನು ಎತ್ತಿ ಹಿಡಿದು, ಅಂಗಡಿಯಲ್ಲಿ ಕಾಯುತ್ತಿದ್ದ ಗಿರಾಕಿಗಳಿಗೆಲ್ಲ ತೋರಿಸಿ ಬಂದರು.

ಸ್ವಲ್ಪ ಹೊತ್ತಿಗೆ ಮತ್ತೆ ಪುಡಿ ಕಂಡಿತು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಯಂತ್ರ ಆರಿಸಿ, ಉಳಿ ಹಿಡಿದು ಎದುರುಮನೆಗೆ ಹೊರಟರು. ಹೆಂಡತಿ ಅಡುಗೆಮನೆಯ ಚಾಕುಗಳನ್ನೆಲ್ಲ ತಂದು ಕೈಗಿತ್ತರು. "ಹೇಗೂ ಹೋಗ್ತಿದ್ದೀರಲ್ಲ, ಇವನ್ನೂ ತಗೊಂಡ್ಹೋಗಿ."

ಲೇತಿನ ಮುಂದೆ ಹೊಸದಾಗಿ ನಿಂತವರೇ, ಪುಡಿ ಬಂದರೆ ತೋಳಿನ ಬಲ ತೋರಿಸಬೇಡಿ. ಮೊಂಡು ಉಳಿಯನ್ನು ಒತ್ತಬೇಕಾಗುತ್ತದೆ. ಒತ್ತಿದ ಉಳಿ ಕಚ್ಚಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಕನ್ನಡಕ ಹಾಕಿ, ಹಗುರ ಕೈಯಿಂದ ಸಾಣೆ ಹಿಡಿಯಿರಿ. ನಿಮ್ಮ ಕಣ್ಣು, ನಿಮ್ಮ ಮನೆಯವರ ತಲೆ, ಎರಡೂ ಅದೃಷ್ಟಕ್ಕೆ ಬಿಡುವಂಥವಲ್ಲ.