ನಾಲ್ಕು ವಾರದ ಚೀಟಿ

ಆಸ್ಪತ್ರೆಯಲ್ಲಿ ಅವನಿಗೆ ಫೈಲಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ರೋಗಿಗಳ ಫೈಲುಗಳನ್ನು ಕಾಯುತ್ತಿದ್ದವನು ಅವನು. ಮೇಲಿನ ವಾರ್ಡಿನಿಂದ ಫೋನು ಬಂದರೆ ಹತ್ತು ವರ್ಷದ ಹಿಂದಿನ ಫೈಲನ್ನೂ ಐದು ನಿಮಿಷದೊಳಗೆ ತೆಗೆದು ಕೊಡುತ್ತಿದ್ದ. ಡಾಕ್ಟರುಗಳು ರೋಗಿಯ ಮುಖ ಮರೆತರೂ ಫೈಲಪ್ಪ ರೋಗಿಯ ನಂಬರು ಮರೆಯುವುದಿಲ್ಲ ಎಂದು ನರ್ಸುಗಳು ನಗುತ್ತಿದ್ದರು.

ಶನಿವಾರ ಸಂಜೆ ಅವನಿಗೆ ಇನ್ನೊಂದು ಕೆಲಸವಿತ್ತು. ಮನೆಯಿಂದ ಎರಡು ಬೀದಿ ಆಚೆ ಒಂದು ಪ್ರಾರ್ಥನಾ ಮಂದಿರ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅಲ್ಲಿ ಕಾಯಿಲೆ ಬಿದ್ದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಹೆಸರು ಓದಿದಾಗಲೂ ಸೇರಿದ ನೂರೈವತ್ತು ಜನ ಒಟ್ಟಿಗೆ "ಕೈ ಬಿಡಬೇಡ" ಎನ್ನುತ್ತಾರೆ. ಓದುವವರು ಮಂದಿರದ ಹಿರಿಯರು, ಒಂದು ಕಾಲಕ್ಕೆ ಲೆಕ್ಕದ ಮೇಷ್ಟ್ರಾಗಿದ್ದವರು. ಆ ಪಟ್ಟಿಯನ್ನು ತಯಾರು ಮಾಡಿಕೊಡುವುದು ಹತ್ತೊಂಬತ್ತು ವರ್ಷದಿಂದ ಫೈಲಪ್ಪನ ಕೆಲಸ. ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿ ಜನ ಚೀಟಿ ಹಾಕುತ್ತಿದ್ದರು. ಅವನು ಪ್ರತಿ ಚೀಟಿಗೂ ತಾರೀಖಿನ ಮೊಹರು ಒತ್ತಿ, ಹೆಸರುಗಳನ್ನು ಟೈಪು ಮಾಡಿ ಹಿರಿಯರ ಮೇಜಿನ ಮೇಲೆ ಇಟ್ಟು ಬರುತ್ತಿದ್ದ.

ಅವನು ಕೈ ಹಾಕುವ ಮೊದಲು ಆ ಪಟ್ಟಿ ಹೇಳುವವರು ಕೇಳುವವರು ಇಲ್ಲದೆ ಮೂರು ಪುಟ ಬೆಳೆದಿತ್ತು. ಸೇರಿಸುವವರು ಇದ್ದರು, ತೆಗೆಯುವವರು ಇರಲಿಲ್ಲ. ಒಮ್ಮೆ ಗಟ್ಟಿಮುಟ್ಟಾಗಿ ಎರಡನೇ ಸಾಲಿನಲ್ಲಿ ಕೂತಿದ್ದ ಬಡಗಿಯೊಬ್ಬ ತನ್ನದೇ ಹೆಸರು ಕೇಳಿಸಿಕೊಂಡು, ಎಲ್ಲರ ಜೊತೆ ತಾನೂ "ಕೈ ಬಿಡಬೇಡ" ಎಂದು ನಗೆಪಾಟಲಾಗಿದ್ದ. ಇನ್ನೊಮ್ಮೆ ತೀರಿಕೊಂಡು ವರ್ಷವಾಗಿದ್ದ ತಾಯಿಯ ಹೆಸರು ಓದಿದಾಗ ಮಗ ಎದ್ದು ಹೊರಟುಹೋದ, ಮತ್ತೆ ಬರಲೇ ಇಲ್ಲ. ಆಗ ಫೈಲಪ್ಪ ಒಂದು ನಿಯಮ ಮಾಡಿದ: ಒಂದು ಚೀಟಿಗೆ ನಾಲ್ಕು ವಾರ. ಐದನೇ ವಾರಕ್ಕೂ ಹೆಸರು ಬೇಕಿದ್ದರೆ ಹೊಸ ಚೀಟಿ ಹಾಕಬೇಕು. ಗೋಡೆಯ ಹಲಗೆಯ ಮೇಲೆ ಹಾಗಂತ ಬರೆದೂ ಹಾಕಿದ. ಹಳೆಯ ಚೀಟಿಗಳನ್ನು ತೆಗೆಯುವಾಗ ಅವನು ಮೊಹರನ್ನು ಮಾತ್ರ ನೋಡುತ್ತಿದ್ದ, ಹೆಸರನ್ನಲ್ಲ. ಹೆಸರು ನೋಡಿದರೆ ಮುಲಾಜು ಬರುತ್ತದೆ ಎನ್ನುವುದು ಅವನ ಮಾತು. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇಷ್ಟೆಲ್ಲ ಮಾಡುತ್ತಿದ್ದವನಿಗೆ ನಂಬಿಕೆ ಇತ್ತೇ ಎಂದು ಕೇಳಿದರೆ, ಹನ್ನೊಂದು ವರ್ಷದಿಂದ ಇರಲಿಲ್ಲ. ಅದು ಯಾವ ದಿನ ಹೋಯಿತೆಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಒಂದು ಭಾನುವಾರ ಕಣ್ಣು ಮುಚ್ಚಿ ಕೂತಾಗ, ತಾನು ಯಾರ ಜೊತೆಗೂ ಮಾತಾಡುತ್ತಿಲ್ಲ ಅನ್ನಿಸಿತು. ಮುಂದಿನ ವಾರವೂ ಹಾಗೇ ಅನ್ನಿಸಿತು. ಹೆಂಡತಿಗೆ ಅದರ ವಾಸನೆ ಹತ್ತಿತ್ತು. ಅವಳು ಮನೆಯಲ್ಲೇ ಬೀದಿಯವರ ಬಟ್ಟೆ ಹೊಲಿದು, ಅಳತೆ ತಿದ್ದಿ ಕೊಡುವವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದೇವರ ಜೊತೆ ಮಾತಾಡುವವಳು. "ನಿಮ್ಮ ಪಾಲಿನದನ್ನೂ ನಾನೇ ಕೇಳಿಕೊಂಡಿದ್ದೀನಿ, ನೀವು ಸುಮ್ಮನೆ ಪಕ್ಕದಲ್ಲಿ ಕೂತಿರಿ" ಎಂದು ರೇಗಿಸುತ್ತಿದ್ದಳು. ಅವನು ಕೂತಿರುತ್ತಿದ್ದ. ಮನೆಯಲ್ಲಿ ಒಬ್ಬರು ನಂಬಿದರೆ ಸಾಕು, ಇನ್ನೊಬ್ಬರಿಗೂ ನಡೆಯುತ್ತದೆ ಅಂತ ಅವನಿಗೆ ಅಂದುಕೊಳ್ಳಲು ಸುಲಭವಾಗಿತ್ತು.

ಅವರಿಗೆ ಒಬ್ಬಳೇ ಮಗಳು. ಅಪ್ಪ ಅಮ್ಮ ಇಬ್ಬರೂ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಎದುರಿಗೆ ಕೂತವರು ಅಕ್ಷರ ತಪ್ಪು ಓದಿದರೂ ಒಂದು ಸಲಕ್ಕೂ "ತಪ್ಪು" ಅನ್ನುತ್ತಿರಲಿಲ್ಲ, "ಇನ್ನೊಂದು ಸಲ ನೋಡೋಣ" ಅನ್ನುತ್ತಿದ್ದಳು. ಅವಳಿಗೆ ರಕ್ತದ ಕಾಯಿಲೆ ಬಂತು. ಅಪ್ಪ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವನ ಕೋಣೆಗಿಂತ ನಾಲ್ಕು ಮಹಡಿ ಮೇಲೆ ಅವಳನ್ನು ಮಲಗಿಸಿದರು. ಸೇರಿಸಿದ ವಾರವೇ ತಾಯಿ ಚೀಟಿ ಬರೆದು ಗಂಡನ ಕೈಗೆ ಕೊಟ್ಟಳು. ಅವನು ಅದಕ್ಕೂ ಮೊಹರು ಒತ್ತಿದ.

ಐದನೇ ವಾರದ ಶನಿವಾರ ಅವನು ವಾರ್ಡಿನಿಂದ ನೇರವಾಗಿ ಮಂದಿರಕ್ಕೆ ಬಂದ. ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಚೀಟಿಗಳ ಮೂಲೆ ತಿರುವುತ್ತ ಅವಧಿ ಮುಗಿದ ಆರನ್ನು ಎಳೆದ, ಹರಿದ, ಬುಟ್ಟಿಗೆ ಹಾಕಿದ. ಉಳಿದದ್ದನ್ನು ಟೈಪು ಮಾಡಿದ. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು.

ಮರುದಿನ ಹೆಂಡತಿ ಮಗಳ ಹತ್ತಿರ ಉಳಿದಳು. ಅವನು ಮಂದಿರಕ್ಕೆ ಹೋದ. ಹಿರಿಯರು ಓದುತ್ತಾ ಹೋದರು. ಗುಬ್ಬಿಯ ಹೆಸರು ಎಂದಿನಂತೆ ಒಬ್ಬ ಬಸ್ ಡ್ರೈವರನ ಹೆಸರು ಆದ ಮೇಲೆ ಬರಬೇಕಿತ್ತು. ಡ್ರೈವರನ ಹೆಸರು ಬಂತು, "ಕೈ ಬಿಡಬೇಡ" ಎಂದರು. ಅದರ ಮುಂದೆ ಬಂದದ್ದು ಯಾವುದೋ ಅಜ್ಜಿಯ ಹೆಸರು. ನಿನ್ನೆ ಹರಿದ ಆರರಲ್ಲಿ ಅವಳದೂ ಇತ್ತು ಎಂದು ಅವನಿಗೆ ಆಗ ಹೊಳೆಯಿತು. ಪಟ್ಟಿ ಇನ್ನೂ ಅರ್ಧ ಉಳಿದಿತ್ತು. ಎದ್ದು ನಿಂತು ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನಿಯಮ ಮಾಡಿದವನೇ ಎದ್ದು ನಿಲ್ಲುವುದು ಹೇಗೆ ಎಂದು ಒಂದು ಕ್ಷಣ ಹಿಂಜರಿದ. ಆಮೇಲೆ, ಓದಿದರೇನು ಬಿಟ್ಟರೇನು, ಎಲ್ಲಿಗಾದರೂ ಮುಟ್ಟುವುದಿದ್ದರೆ ತಾನೇ ಎಂದುಕೊಂಡ. ಅಷ್ಟರಲ್ಲಿ ಪಟ್ಟಿ ಮುಗಿಯಿತು.

ಆಸ್ಪತ್ರೆಗೆ ಬಂದಾಗ ಹೆಂಡತಿ ಅವನನ್ನು ಬಾಗಿಲಾಚೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ಹನ್ನೊಂದು ಹೊಡೆದ ಕೂಡಲೇ ಗುಬ್ಬಿಗೆ, ನೋಡು ಈಗ ಎಲ್ಲರೂ ನಿನ್ನ ಹೆಸರು ಹೇಳುತ್ತಿದ್ದಾರೆ ಅಂದೆ. ಅವಳು ಕಣ್ಣು ಬಿಟ್ಟು, ಕಿಟಕಿ ಕಡೆ ತಿರುಗಿ, ಸ್ವಲ್ಪ ಹೊತ್ತು ಕಿವಿಗೊಟ್ಟ ಹಾಗೆ ಮಲಗಿದ್ದಳು. ಎಷ್ಟು ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು ಗೊತ್ತಾ.

ಅವನು ಹೂಂ ಅಂದ.

ಬುಧವಾರ ಗುಬ್ಬಿ ತೀರಿಕೊಂಡಳು.

ಇದಾದ ಮೇಲೆ ಅವನ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು. ಪ್ರಾರ್ಥನೆ ಎಲ್ಲಿಗೂ ಮುಟ್ಟುವುದಿಲ್ಲ ಎನ್ನುವುದಾದರೆ ತಾನು ಯಾವ ತಪ್ಪೂ ಮಾಡಿಲ್ಲ. ಮುಟ್ಟುತ್ತದೆ ಎನ್ನುವುದಾದರೆ ಮಗಳ ಹೆಸರನ್ನು ತನ್ನ ಕೈಯಾರೆ ಹರಿದು ಬುಟ್ಟಿಗೆ ಹಾಕಿದ್ದಾನೆ. ಹನ್ನೊಂದು ವರ್ಷ ನೆಮ್ಮದಿಯಿಂದ ನಂಬದೇ ಇದ್ದವನಿಗೆ ಈಗ ನಂಬದೇ ಇರುವುದಕ್ಕೂ ಆಧಾರ ಬೇಕಾಯಿತು.

ಆಧಾರ ಅವನ ಬಳಿಯೇ ಇತ್ತು. ಮಂದಿರದ ಹಳೆಯ ಪಟ್ಟಿಗಳ ಪ್ರತಿಗಳನ್ನು ಅವನು ಒಂದೂ ಎಸೆದಿರಲಿಲ್ಲ. ಆ ಬೀದಿಗಳಲ್ಲಿ ಕಾಯಿಲೆ ಬಿದ್ದವರು ಬಹುಮಟ್ಟಿಗೆ ಇದೇ ಆಸ್ಪತ್ರೆಗೆ ಬರುವವರು. ಊಟದ ಬಿಡುವಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಪಟ್ಟಿಯ ಹೆಸರಿಗೆ ಫೈಲು ಹುಡುಕಿದ. ಪ್ರತಿಯೊಂದಕ್ಕೂ ಅದೇ ವಯಸ್ಸಿನ, ಅದೇ ಕಾಯಿಲೆಯ, ಪಟ್ಟಿಯಲ್ಲಿ ಇಲ್ಲದ ಇನ್ನೊಬ್ಬರನ್ನು ಜೋಡಿ ಮಾಡಿದ. ಎರಡು ತಿಂಗಳು ಹಿಡಿಯಿತು. ಹೆಸರು ಓದಿಸಿಕೊಂಡವರು ಇನ್ನೂರ ಹನ್ನೆರಡು ಮಂದಿ, ಅವರಲ್ಲಿ ಗುಣವಾಗಿ ಮನೆಗೆ ಹೋದವರು ನೂರ ಮೂವತ್ತೊಂದು. ಓದಿಸಿಕೊಳ್ಳದವರೂ ಇನ್ನೂರ ಹನ್ನೆರಡು, ಮನೆಗೆ ಹೋದವರು ನೂರ ಮೂವತ್ತಮೂರು. ಇದು ಪಕ್ಕಾ ಲೆಕ್ಕವಲ್ಲ ಎಂದು ಅವನಿಗೆ ಗೊತ್ತಿತ್ತು. ಕಾಯಿಲೆ ಜೋರಾದವರೇ ಹೆಚ್ಚಾಗಿ ಚೀಟಿ ಹಾಕುತ್ತಾರೆ. ಪಟ್ಟಿಯಲ್ಲಿ ಇಲ್ಲದವರಿಗಾಗಿ ಮನೆಯಲ್ಲಿ ಯಾರು ಕೇಳಿಕೊಂಡರೋ ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಅದನ್ನೂ ಕಾಗದದ ಕೆಳಗೆ ಬರೆದ. ಹೆಸರಿಲ್ಲದೆ ಬರೀ ಅಂಕಿ ಇದ್ದ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ನಿರಪರಾಧಿ ಎಂದು ಬರೆದುಕೊಟ್ಟ ಹಾಗಿತ್ತು. ಆದರೆ ಆ ದಿನ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ವಾಪಸು ತಂದ. ಕೇಳುವವರು ಯಾರೂ ಇಲ್ಲವೆಂದಾದರೆ ಗುಬ್ಬಿಯೂ ಈಗ ಎಲ್ಲಿಯೂ ಇಲ್ಲ, ಅದೂ ಅದೇ ಹಾಳೆಯಲ್ಲಿತ್ತು.

ಹಿರಿಯರ ಮನೆಗೆ ಹೋಗಿ, ಪಟ್ಟಿಯ ಕೆಲಸ ಇನ್ನು ನನ್ನಿಂದಾಗದು ಎಂದ. ಕಾರಣ ಹೇಳಿ ಹಾಳೆಯನ್ನೂ ತೋರಿಸಿದ. ಮೇಷ್ಟ್ರು ಅಂಕಿಗಳನ್ನು ಎರಡು ಸಲ ಕೂಡಿ ನೋಡಿ, ತಪ್ಪಿಲ್ಲ ಅಂದರು. ದೇವರಿಗೆ ಪಟ್ಟಿ ಬೇಕಿಲ್ಲಪ್ಪ, ನಿನ್ನ ಮಗಳು ಅವನಿಗೆ ಗೊತ್ತಿದ್ದಳು ಎಂದು ಸಮಾಧಾನ ಮಾಡಿದರು. ಹಾಗಾದರೆ ಹತ್ತೊಂಬತ್ತು ವರ್ಷ ನಾನು ಯಾರಿಗೆ ಟೈಪು ಮಾಡಿಕೊಟ್ಟೆ ಎಂದು ಇವನು ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮನೆಯಲ್ಲಿ ಹೇಳಿದ್ದೀಯಾ ಎಂದು ಮಾತ್ರ ಕೇಳಿದರು. ಇಲ್ಲ ಅಂದ.

ಹೇಳುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಆ ಭಾನುವಾರದ ಹನ್ನೊಂದು ಗಂಟೆಯನ್ನೇ ಹಿಡಿದುಕೊಂಡು ಬದುಕುತ್ತಿದ್ದಳು. ಹೊಲಿಗೆಗೆ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದಳು: ಅವಳು ಒಬ್ಬಳೇ ಹೋಗಲಿಲ್ಲ, ನೂರೈವತ್ತು ಜನ ಅವಳ ಹೆಸರು ಹೇಳಿ ಕಳಿಸಿದರು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವನು ಕೆಲಸ ಮುಗಿಸಿ ಬಂದಾಗ ಅವಳು ಹೊಲಿಗೆ ಮಿಷನ್ನಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು. ಸೂಜಿಯ ಕೆಳಗೆ ಯಾರದೋ ಪ್ಯಾಂಟಿನ ಕಾಲು ಅರ್ಧಕ್ಕೇ ನಿಂತಿತ್ತು. ಎದುರು ಮನೆಯವಳು ಬಂದಿದ್ದಳಂತೆ. ಅವಳ ಅಕ್ಕನ ಚೀಟಿಗೆ ನಾಲ್ಕು ವಾರ ಆಯಿತು, ಹೊಸದು ಹಾಕಬೇಕು ಅಂದಳಂತೆ.

"ನಾನು ಎರಡನೇ ಚೀಟಿ ಬರೆದುಕೊಡಲೇ ಇಲ್ಲ" ಎಂದಳು ಹೆಂಡತಿ. "ಗುಬ್ಬಿಗೆ ಅದು ಐದನೇ ವಾರ. ಬೆರಳು ಮಡಚಿ ಎಣಿಸಿದೆ."

ಅವನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ನೀವು ನೋಡಿಕೊಂಡಿರ್ತೀರ ಅಂದುಕೊಂಡೆ. ಮನೆಯವರೇ ಅಲ್ವಾ. ಹೇಳಿ, ಆ ದಿನ ಓದಿದರಾ?"

ಹೂಂ ಎಂದುಬಿಟ್ಟರೆ ಆಗಿಹೋಗುತ್ತಿತ್ತು. ಅವಳು ನಂಬುತ್ತಿದ್ದಳು, ಅಥವಾ ನಂಬಿದ ಹಾಗೆ ಮಾಡುತ್ತಿದ್ದಳು. ಈ ಸಲ ಅವನ ಬಾಯಿಗೆ ಆ ಮಾತು ಬರಲಿಲ್ಲ. ಇಲ್ಲದ್ದನ್ನು ಇದೆ ಎಂದು ಬರೆದು ಅವನಿಗೆ ರೂಢಿಯಿರಲಿಲ್ಲ.

"ಓದಲಿಲ್ಲ. ನಾನೇ ತೆಗೆದೆ. ಹೆಸರು ನೋಡಲಿಲ್ಲ, ಮೊಹರು ನೋಡಿದೆ. ಓದುವಾಗ ಗೊತ್ತಾಯ್ತು. ಆಗಲೂ ನಾನು ಎದ್ದು ಹೇಳಲಿಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅವನು ಅದೆರಡಕ್ಕೂ ತಯಾರಾಗಿದ್ದ. "ಹಾಗಾದರೆ ನಾನು ಅವಳಿಗೆ ಸುಳ್ಳು ಹೇಳಿದೆ" ಎಂದಳು. "ಕೊನೆಗಾಲದಲ್ಲಿ."

ಅವನು ಜೇಬಿನಿಂದ ಹಾಳೆ ತೆಗೆದು ಮಿಷನ್ನಿನ ಮೇಲೆ ಬಿಡಿಸಿಟ್ಟ. ಓದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ವಿವರಿಸಲು ಶುರುಮಾಡಿದ. ಇಷ್ಟು ಜನ, ಇಷ್ಟು ಫೈಲು, ಇಷ್ಟು ಗುಣ. ತನ್ನ ದನಿ ಮೇಲಿನ ವಾರ್ಡಿಗೆ ಫೋನಿನಲ್ಲಿ ನಂಬರು ಒಪ್ಪಿಸುವ ದನಿಯಂತೆ ಅವನಿಗೇ ಕೇಳಿಸಿತು. ಆದರೂ ಕೊನೆಯವರೆಗೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು, ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದಳು.

"ಇದು ನಿಮಗೆ ಬೇಕಾಗಿದ್ದ ಕಾಗದ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹಾಳೆಯನ್ನು ಮೊದಲಿದ್ದ ಮಡಿಕೆಗೇ ಮಡಚಿ ಅವನಿಗೆ ವಾಪಸು ಕೊಟ್ಟಳು. ಆಮೇಲೆ ಮಿಷನ್ನು ತುಳಿದು ಪ್ಯಾಂಟಿನ ಕಾಲು ಮುಗಿಸಿದಳು.

ಆ ವಾರ ಇಬ್ಬರೂ ಅಡುಗೆಮನೆಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಉಪ್ಪು ಸಾಕಾ, ಬೇಕಾ ಎಂಬ ಮಾತುಗಳು ನಡೆದವು. ಗುಂಡುಸೂಜಿ ಬಾಯಲ್ಲಿಟ್ಟುಕೊಂಡು ಅವಳು ಮಾತಾಡುವುದು ಕೇಳಿಸಲಿಲ್ಲ. ಬಟ್ಟೆ ತರುವವರಿಗೆ ಆ ಭಾನುವಾರದ ಕತೆ ಹೇಳುವುದೂ ನಿಂತಿತು.

ಭಾನುವಾರ ಅವಳು ಬರುವುದಿಲ್ಲ ಎಂದುಕೊಂಡಿದ್ದ. ಅವಳು ಹತ್ತೂವರೆಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಹೋದರು. ಎಂದಿನ ಎರಡನೇ ಸಾಲು ಬಿಟ್ಟು ಅವಳು ಹಿಂದೆ, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಳು. ಅವನೂ ಕೂತ. ಹಿರಿಯರು ಬೇರೆ ಯಾರೋ ಟೈಪು ಮಾಡಿದ ಪಟ್ಟಿಯನ್ನು ಓದತೊಡಗಿದರು. ಎದುರು ಮನೆಯವಳ ಅಕ್ಕನ ಹೆಸರೂ ಬಂತು. ಮಂದಿರವೆಲ್ಲ ಒಂದೇ ದನಿಯಲ್ಲಿ ಬೇಡಿಕೊಂಡಿತು. ಅವನು ಓರೆಗಣ್ಣಿನಲ್ಲಿ ಹೆಂಡತಿಯ ಕಡೆ ನೋಡಿದ. ಅವಳ ಕಣ್ಣು ತೆರೆದೇ ಇತ್ತು. ತುಟಿ ಅಲುಗಲಿಲ್ಲ. ಮುಂದಿನ ಹೆಸರಿಗೂ, ಅದರ ಮುಂದಿನದಕ್ಕೂ ಅಲುಗಲಿಲ್ಲ.

ಮನೆಗೆ ಬರುವಾಗ ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಗಳ ಬಾಗಿಲು ಮುಚ್ಚಿದ್ದವು. ಎರಡನೇ ಬೀದಿಯ ತಿರುವಿನಲ್ಲಿ ಅವಳು ನಡಿಗೆ ನಿಧಾನ ಮಾಡಿದಳು.

"ನಿಮಗೆ ಪ್ರತಿ ವಾರ ಹೀಗೇ ಇರುತ್ತಿತ್ತಾ?" ಎಂದು ಕೇಳಿದಳು.

"ಹೀಗೇ."

"ಅಷ್ಟು ವರ್ಷ?"

"ಹೂಂ."

"ಹೇಗೆ ಕೂತಿರ್ತಿದ್ರಿ?"

ನೀನು ಪಕ್ಕದಲ್ಲಿ ಇರ್ತಿದ್ದೆಯಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಇವತ್ತೂ ಅವಳು ಪಕ್ಕದಲ್ಲೇ ಕೂತಿದ್ದಳು, ಆದರೆ ಅವನ ಹಾಗೆಯೇ ಬರೀ ಕೂತಿದ್ದಳು. ಮತ್ತೆ ಮೊದಲಿನ ಹಾಗೆ ನಂಬು ಎಂದು ಅವಳನ್ನು ಕೇಳಿಕೊಳ್ಳಬೇಕು ಅನ್ನಿಸಿತು. ಅದನ್ನು ಯಾವ ಬಾಯಲ್ಲಿ ಕೇಳುವುದು ಎಂದು ತೋಚಲಿಲ್ಲ. ಮನೆ ಬಂತು. ಅವಳು ಬೀಗ ತೆಗೆದು ಒಳಗೆ ಹೋದಳು. ಅವನು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಹಿಂದೆಯೇ ಹೋಗಿ ಕದ ಹಾಕಿಕೊಂಡ.