ತಗಡಿಗೊಂದು ನಾಜಲ್, ದಪ್ಪ ಪ್ಲೇಟಿಗೊಂದು

ಗ್ಯಾಸ್ ಕಟಿಂಗ್ ಅಂಗಡಿಯ ಯಜಮಾನನಿಗೆ ಬೆಳಗಿನಿಂದ ಒಂದೇ ತಲೆನೋವು. ಕಾಲುಸೇತುವೆಗೆಂದು ಬಂದ ಕಬ್ಬಿಣದ ಪ್ಲೇಟು ಇಪ್ಪತ್ತೈದು ಎಂಎಂ ದಪ್ಪ. ಎಷ್ಟು ಸಲ ಗ್ಯಾಸ್ ಟಾರ್ಚಿನ ಉರಿ ಹಿಡಿದರೂ ಕಟ್ ಅರ್ಧಕ್ಕೇ ನಿಂತುಬಿಡುತ್ತಿತ್ತು. ಸಿಟ್ಟಿಗೆದ್ದು ಆಕ್ಸಿಜನ್ ಜಾಸ್ತಿ ಮಾಡಿದ. ಕರಗಿದ ಕಬ್ಬಿಣ ಕೆಳಗಿಳಿಯದೆ ಮೇಲಕ್ಕೇ ಚಿಮ್ಮಿತು. ಟಾರ್ಚ್ ‘ಪಟ್’ ಎಂದಿತು. ಗ್ಯಾಸ್ ಬಂದ್ ಮಾಡಿ ನೋಡಿಕೊಂಡರೆ, ಏಪ್ರನ್ನಿನ ಎದೆಯ ಮೇಲೆ ಎರಡು ತೂತು.

ಹೆಂಡತಿ ಓಡಿ ಬಂದಳು. “ಮೈಗೆ ತಾಗಿತಾ?”

“ಇಲ್ಲ ಕಣೇ. ಈ ಗ್ಯಾಸೇ ಸರಿ ಇಲ್ಲ.”

ಅವಳ ತಂಗಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕಟಿಂಗ್ ಕೆಲಸದವಳು. ರಜೆಗೆಂದು ಅಕ್ಕನ ಮನೆಗೆ ಬಂದಿದ್ದಳು. ಬಗ್ಗಿ ಟಾರ್ಚಿನ ತುದಿ ನೋಡಿದಳು.

“ಭಾವ, ಪಾಪ ಗ್ಯಾಸನ್ನ ಯಾಕೆ ಬೈತೀರಾ? ಇದು ತೆಳು ತಗಡು ಕೊಯ್ಯೋ ನಾಜಲ್, ತೂತು ಚಿಕ್ಕದು. ಇಷ್ಟು ದಪ್ಪದ ಪ್ಲೇಟಿನ ತಳ ಮುಟ್ಟೋಷ್ಟು ಆಕ್ಸಿಜನ್ ಇದರಲ್ಲಿ ಬರಲ್ಲ.”

“ಹತ್ತು ವರ್ಷದಿಂದ ಇದರಲ್ಲೇ ಕೊಯ್ತಿದೀನಿ. ನೀನು ನಂಗೆ ಹೇಳ್ಕೊಡ್ತೀಯಾ?”

“ಇಷ್ಟು ದಿನ ಏಪ್ರನ್ ಕಾಪಾಡ್ತು. ಅದಕ್ಕೂ ವಯಸ್ಸಾಯ್ತು,” ಎಂದಳು ಹೆಂಡತಿ. “ಒಂದ್ಸಲ ಅವಳು ಹೇಳಿದ್ದನ್ನೂ ಮಾಡಿ ನೋಡಿ.”

ನಾಜಲ್ ಜೊತೆ ಕಂಪನಿ ಕೊಟ್ಟಿದ್ದ ಚಾರ್ಟು ಪೇಂಟ್ ಡಬ್ಬಿಯ ಅಡಿಯಲ್ಲಿ ಸಿಕ್ಕಿತು. ಇಪ್ಪತ್ತೈದು ಎಂಎಂಗೆ ಯಾವ ನಂಬರ್ ಎಂದು ನಾದಿನಿ ಓದಿ ಹೇಳಿದಳು. ಟಾರ್ಚ್ ತಣ್ಣಗಾದ ಮೇಲೆ ಯಜಮಾನ ಗೊಣಗುತ್ತಲೇ ಪೆಟ್ಟಿಗೆಯಿಂದ ಆ ನಂಬರಿನ ನಾಜಲ್ ಹುಡುಕಿ ಹಾಕಿದ. ಪ್ರೆಶರನ್ನೂ ಚಾರ್ಟಿನಲ್ಲಿದ್ದಷ್ಟೇ ಇಟ್ಟ.

ಈ ಸಲ ಕಿಡಿಗಳೆಲ್ಲ ಪ್ಲೇಟಿನ ಕೆಳಗಡೆಗೆ ಸುರಿದವು. ತುಂಡು ‘ಠಣ್’ ಎಂದು ಬಿತ್ತು. ಅಂಚು ನೇರವಾಗಿತ್ತು. ಯಜಮಾನನಿಗೆ ನಗು ತಡೆಯಲಾಗಲಿಲ್ಲ.

“ಹಾಗಾದ್ರೆ ಇನ್ಮೇಲೆ ತಗಡಿಗೂ ಇದೇ. ಬೇಗ ಆಗುತ್ತೆ!”

“ಅಯ್ಯೋ ಭಾವ! ತಗಡಿಗೆ ಇದು ಹಾಕಿದ್ರೆ ಅಂಚು ಕರಗಿ ಗಂಟು ಗಂಟಾಗುತ್ತೆ, ತಗಡು ಸೊಟ್ಟಗಾಗುತ್ತೆ, ಗ್ಯಾಸೂ ದಂಡ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ!”

“ಆಯ್ತಮ್ಮ, ಒಪ್ಪಿದೆ,” ಎಂದು ಕೈ ಮುಗಿದ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತಾಗ ಪಕ್ಕದ ಕಟಿಂಗ್ ಅಂಗಡಿಯಿಂದ ಟಾರ್ಚಿನ ‘ಪಟ್ ಪಟ್’ ಸದ್ದು ಕೇಳಿಸಿತು. ಯಜಮಾನ ತುತ್ತು ಬಿಟ್ಟು ಎದ್ದ. “ಏನಪ್ಪಾ, ಯಾವ ನಂಬರ್ ನಾಜಲ್ ಹಾಕಿದೀಯಾ?” ಎಂದು ಕೂಗುತ್ತಾ ನಡೆದೇಬಿಟ್ಟ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಟಿಂಗ್ ಕೆಲಸದ ಬಂಧುಗಳೇ, ನಿಮ್ಮ ಟಾರ್ಚಿನಲ್ಲಿ ಈಗ ಇರುವ ನಾಜಲ್ ನಂಬರ್ ಎಷ್ಟು? ಹಚ್ಚುವ ಮೊದಲು ನೋಡಿ. ಲೋಹದ ದಪ್ಪ ಅಳೆಯಿರಿ, ಚಾರ್ಟಿನಂತೆ ನಾಜಲ್ ಹಾಕಿ, ಪ್ರೆಶರ್ ಇಡಿ. ಎಲ್‌ಪಿಜಿ ಗ್ಯಾಸಿನ ನಾಜಲ್ ಬೇರೆ, ಅಸಿಟಿಲೀನ್ ಗ್ಯಾಸಿನ ನಾಜಲ್ ಬೇರೆ. ಅದಲು ಬದಲು ಮಾಡಬೇಡಿ. ಒಂದು ನಾಜಲ್ ಬದಲಿಸಲು ಎರಡು ನಿಮಿಷ ಸಾಕು. ಸುಟ್ಟಗಾಯ ಮಾಯಲು ತಿಂಗಳುಗಳೇ ಬೇಕು.