ಹೀರಾ ಆತ್ಯಾಳ ಹಳದಿ ಫೋನು

ಸಾಂಗಲಿ-ಮಿರಜ ರಸ್ತೆಯ ತಿರುವಿನಲ್ಲಿ ಕಟ್ಟಿದ್ದ ಹದಿನೈದು ಅಡಿಯ ಫ್ಲೆಕ್ಸನ್ನು ಕಂಡದ್ದೇ ಸಂಮೇದ ಸ್ಕೂಟರಿನ ಬ್ರೇಕು ಹಿಡಿದ. ಹಿಂದಿನ ಸೀಟಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವನ ಸೋದರತ್ತೆ ಹೀರಾಬಾಯಿ ಮುಗ್ಗರಿಸಿ ಅವನ ಬೆನ್ನಿಗೆ ಬಂದು ಒರಗಿದಳು. ಫ್ಲೆಕ್ಸಿನ ತುಂಬ ನಾಳೆಯ ದೀಕ್ಷಾ ಸಮಾರಂಭದ ಆಮಂತ್ರಣ, ನಡುವೆ ಒಬ್ಬ ಹೆಂಗಸಿನ ಮುಖ. ವಯಸ್ಸು ಮೂವತ್ತರ ಆಸುಪಾಸು, ಗಲ್ಲ ಬೆಣ್ಣೆ, ಹುಬ್ಬು ಕಾಮನಬಿಲ್ಲು. ಆಧಾರ ಕಾರ್ಡಿನ ಫೋಟೊವನ್ನು ಅಂಗಡಿಯವರು ಕಂಪ್ಯೂಟರಿಗೆ ಹಾಕಿ ಚಂದ ಮಾಡಿದ್ದರು. ಆಧಾರವೇನೋ ಇತ್ತು, ಚಿತ್ರ ಮಾತ್ರ ನಿರಾಧಾರ.

ಎಪ್ಪತ್ತೊಂದರ ಹೀರಾ ಆತ್ಯಾ ಚಸ್ಮಾ ಏರಿಸಿ ಬಹಳ ಹೊತ್ತು ನೋಡಿದಳು.

"ಇಕಿ ಯಾರೋ?"

"ನೀವರೀ ಆತ್ಯಾ."

"ಹಂಗಾರ ನಾಳೆ ದೀಕ್ಷಾ ಇಕೀನ ತಗೊಳ್ಲಿ. ನನ್ನ ಹೊಳ್ಳಿ ಮಿರಜಿಗೆ ಬಿಡು."

ಸಂಮೇದ ನಗುತ್ತ ಗಾಡಿ ಬಿಟ್ಟ. ಆದರೆ ಕಸಬೆ ಡಿಗ್ರಜದ ಮನೆ ತಲುಪುವವರೆಗೂ ಆ ಬೆಣ್ಣೆಗಲ್ಲ ಅವನ ಕಣ್ಣಿಂದ ಇಳಿಯಲಿಲ್ಲ.

ಮಿರಜದ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಚಿತ್ರಕಲೆ ಕಲಿಸಿದವಳು ಹೀರಾ ಆತ್ಯಾ. ಇಷ್ಟು ವರ್ಷ ಶಿಕ್ಷೆ ಕೊಟ್ಟವಳು ಈಗ ದೀಕ್ಷೆ ತೆಗೆದುಕೊಳ್ಳುತ್ತಾಳೆ ಎಂದು ಸಂಮೇದ ಬೀಗರಿಗೆಲ್ಲ ಹೇಳಿ ನಗಿಸಿದ್ದ. ಕುಪವಾಡದ ಪಂಪಿನ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಜರ್. ಆದರೆ ಅದು ಹೊಟ್ಟೆಪಾಡು, ಕಸುಬು ಬೇರೆ, ಮಂದಿಯ ದನಿ ಅಣಕಿಸುವುದು. ಮಿರಜ ಜಂಕ್ಷನ್ನಿನ ಧ್ವನಿವರ್ಧಕ ಒಂದೇ ಗಾಡಿಯ ವಿಳಂಬಕ್ಕೆ ಮೂರು ಭಾಷೆಯಲ್ಲಿ ವಿಷಾದಿಸುವುದನ್ನು ಅವನ ಬಾಯಲ್ಲಿ ಕೇಳಿ ಜನ ನಿಜವಾಗಿ ಚೀಲ ಎತ್ತಿಕೊಂಡು ಎದ್ದದ್ದುಂಟು. ಮ್ಯಾನೇಜರು, ಜೈನ ಬಸ್ತಿಯ ಪಂಡಿತರು, ಅರಿಸಿನದ ಹರಾಜಿನ ಸವಾಲು ಕೂಗುವವರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಬಾಡಿಗೆಯಿಲ್ಲದೆ ಖಾಯಂ ಇದ್ದವಳು ಒಬ್ಬಳೇ, ಫೋಟೊ ತೆಗೆಯುವ ಹೀರಾ ಆತ್ಯಾ.

ಅವಳು ಫೋಟೊ ತೆಗೆಯುತ್ತಿದ್ದ ಆ ಹಳದಿ ಫೋನಿನ ಕತೆಯನ್ನೂ ಹೇಳಬೇಕು. ನಿವೃತ್ತಿಯ ಮರುವರ್ಷ ಆತ್ಯಾ ಸಾಂಗಲಿಯ ಅಂಗಡಿಗೆ ಒಬ್ಬಳೇ ಹೋಗಿ, ಎಲ್ಲಕ್ಕಿಂತ ಒಳ್ಳೆಯ ಕ್ಯಾಮೆರಾ ಇರುವ ಫೋನು ಕೊಡಿ, ಮಾತಾಡಲಿಕ್ಕೆ ಬರದಿದ್ದರೂ ನಡೆಯುತ್ತದೆ ಎಂದು ಕೇಳಿ ತಂದದ್ದು ಅದು. ಅರಿಸಿನದ ಬಣ್ಣ. ಬೆನ್ನಿನ ಮೇಲೆ ರೂಪಾಯಿಗಿಂತ ದೊಡ್ಡ ಕರಿ ಕಣ್ಣು. ಮೇಜಿನ ಮೇಲಿಟ್ಟರೆ ಮಗುಚಿಬಿದ್ದ ಆಮೆಯಂತೆ ಹೊರಳಾಡುತ್ತಿತ್ತು. ಬಲಗಡೆ ಅಂಚಿಗೆ ಹಳೇ ಕ್ಯಾಮೆರಾಗಳಿಗೆ ಇದ್ದಂಥ ನಿಜವಾದ ಗುಂಡಿ. ಅದನ್ನು ಅರ್ಧ ಒತ್ತಿ ಹಿಡಿದರೆ ಫೋನು ಎದುರಿನ ಮುಖವನ್ನು ಹುಡುಕಿ ಹಿಡಿಯುತ್ತದೆ, ಪೂರ್ತಿ ಒತ್ತಿ ಟಕ್ ಟಕ್ ಎಂದು ಎರಡು ಸಪ್ಪಳವಾದರೆ ಚಿತ್ರ. ಹಾಗೆ ಬಂದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತ ಹೋದರೆ ಮದುವೆಯ ಪಂಕ್ತಿಯ ಕೊನೆಯಲ್ಲಿ ಕೂತವನ ಮೀಸೆಗೆ ಅಂಟಿದ ಶ್ರೀಖಂಡವೂ ಸಿಗುತ್ತಿತ್ತು.

ದೋಷಗಳಿಗೂ ಬರವಿರಲಿಲ್ಲ. ಒಂದು ಫೋಟೊ ಹೊಡೆದರೆ ನಾಲ್ಕು ಸೆಕೆಂಡು ಪರದೆ ಕಪ್ಪಾಗಿ, ಫೋನು ಧ್ಯಾನಕ್ಕೆ ಕೂರುತ್ತಿತ್ತು. ವರುಷ ಕಳೆದಂತೆ ಆ್ಯಪುಗಳು ಒಂದೊಂದಾಗಿ ಮನೆ ಬಿಟ್ಟವು. ವಾಟ್ಸಾಪು ಹೋಯಿತು, ಬ್ಯಾಂಕು ಹೋಯಿತು, ನೆಟ್ಟು ನೆಟ್ಟಗಿಲ್ಲದಾಯಿತು. ಬ್ಯಾಟರಿ ನೂರರಿಂದ ಇಪ್ಪತ್ತರವರೆಗೆ ಮೆಟ್ಟಿಲಿಳಿದು ಬರುತ್ತಿತ್ತು, ಅಲ್ಲಿಂದ ಮುಂದೆ ಜಾರುಬಂಡೆ. ಚಾರ್ಜರಿನ ಪಿನ್ನು ಸಡಿಲಾಗಿ, ವಾಯರನ್ನು ಒಂದು ಓರೆಯಲ್ಲಿ ಹಿಡಿದರೆ ಮಾತ್ರ ಕರೆಂಟು ಒಳಗೆ ಹೋಗುತ್ತಿತ್ತು. ಮುಂದಿನ ಕ್ಯಾಮೆರಾ ಎಂಬುದೊಂದಿತ್ತು. ಅದರಲ್ಲಿ ತನ್ನ ಮೋರೆ ನೋಡಿಕೊಂಡವರು ಮತ್ತೊಮ್ಮೆ ನೋಡಿಕೊಳ್ಳುತ್ತಿರಲಿಲ್ಲ.

ಆದರೂ ಹನ್ನೊಂದು ವರ್ಷ ಮನೆಯ ಯಾವ ಕಾರ್ಯವೂ ಆ ಹಳದಿ ಫೋನಿಲ್ಲದೆ ಮುಗಿದಿಲ್ಲ. ಆತ್ಯಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶಾಲೆಯ ದನಿ ತೆಗೆದು, ಅರ್ಧ ಒತ್ತೇನಿ, ಯಾರೂ ಉಸರ ಬಿಡಬ್ಯಾಡ್ರಿ, ಎಂದು ಆಜ್ಞೆ ಕೊಡುತ್ತಿದ್ದಳು. ಫೋನು ಧ್ಯಾನದಲ್ಲಿರುವ ನಾಲ್ಕು ಸೆಕೆಂಡುಗಳಲ್ಲಿ ಒಬ್ಬೊಬ್ಬರಿಗೂ ಬೈಗುಳದ ಪ್ರಸಾದ: ನಿನ್ನ ಟೊಪಿಗಿ ಸರಿ ಮಾಡು, ನೀ ಹೊಟ್ಟಿ ಒಳಗ ತಗೋ, ಸಂಮ್ಯಾ ನಿನ್ನ ಹಲ್ಲ ಮುಚ್ಚು. ಇದನ್ನೇ ಸಂಮೇದ ಊಟದ ಪಂಕ್ತಿಯಲ್ಲಿ ಅವಳ ಎದುರೇ ಮಾಡಿ ತೋರಿಸುತ್ತಿದ್ದ. ಅವಳೂ ಕೇಳಿ, ದನಿ ಬರೋಬರ ಐತಿ, ಸಿಟ್ಟ ಕಡಿಮಿ ಆತು, ಎಂದು ಅಂಕ ಕೊಡುತ್ತಿದ್ದಳು.

ಫ್ಲೆಕ್ಸಿಗೊಂದು ಫೋಟೊ ಬೇಕೆಂದಾಗಲೇ ವಿಷಯ ಬಯಲಾಗಿದ್ದು. ಸಂಮೇದನ ಮಗಳು, ಹದಿನೇಳರ ಮೃಣಾಲ, ಆ ಫೋನಿನ ಆರು ಸಾವಿರ ಫೋಟೊಗಳನ್ನು ಒಂದೂ ಬಿಡದೆ ಹುಡುಕಿದಳು. ಮುಂಜಿಯಿಂದ ಮದುವೆಯವರೆಗೆ, ಕಬ್ಬಿನ ಗದ್ದೆಯಿಂದ ಕೃಷ್ಣೆಯ ಮಹಾಪೂರದವರೆಗೆ ಎಲ್ಲ ಇತ್ತು. ಆತ್ಯಾ ಇರಲಿಲ್ಲ. ಒಂದೇ ಒಂದು ಚಿತ್ರದಲ್ಲಿ, ಸಾಲಾಗಿ ನಿಂತವರ ಕಾಲ ಬಳಿ, ಫೋನು ಎತ್ತಿ ಹಿಡಿದ ಅವಳ ನೆರಳು ಬಿದ್ದಿತ್ತು.

ನಾಳೆ ಬೆಳಿಗ್ಗೆ ಅವಳು ಆರ್ಯಿಕೆ, ಎಂದರೆ ಜೈನ ಸನ್ಯಾಸಿನಿ, ಆಗುವವಳು. ತಲೆಯ ಕೂದಲನ್ನು ಕೈಯಿಂದ ಕಿತ್ತು, ಬಿಳಿ ಸೀರೆಯುಟ್ಟು, ನವಿಲುಗರಿಯ ಪಿಂಛಿ ಹಿಡಿಯುತ್ತಾಳೆ. ಗುರುಗಳು ಬೇರೆ ಹೆಸರಿಡುತ್ತಾರೆ. ಅಲ್ಲಿಗೆ ತವರೂ ಇಲ್ಲ, ತಮ್ಮನೂ ಇಲ್ಲ, ಅಳಿಯನೂ ಇಲ್ಲ. ಸಂಮೇದ ಉಳಿದವರಂತೆ ದೂರ ನಿಂತು, ವಂದಾಮಿ ಮಾತಾಜಿ, ಎನ್ನಬೇಕು. ಮಾತಾಜಿಯ ಫೋಟೊಗಳು ಬೇಕಾದಷ್ಟು ಬರುತ್ತವೆ. ಅವನ ಆತ್ಯಾಳದು ಮಾತ್ರ ಇಂದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಳಿಯನ ನೆನಪಿಗೆ ಆ ಫ್ಲೆಕ್ಸಿನ ಅಪರಿಚಿತೆಯೇ ಗತಿ.

ಮನೆಯಲ್ಲಿ ಸಂಮೇದನ ತಂದೆ ಬಾಪೂಸಾಹೇಬ ಬಾಗಿಲಲ್ಲೇ ಕಾದು ನಿಂತಿದ್ದರು. ಅಕ್ಕನಿಗಿಂತ ಮೂರು ವರ್ಷ ಚಿಕ್ಕವರು. ದೀಕ್ಷೆಯ ಮುನ್ನಾದಿನ ತನ್ನದೆಂಬುದನ್ನೆಲ್ಲ ಕೊಟ್ಟುಬಿಡಬೇಕು. ಕೊಟ್ಟದ್ದನ್ನು ಮತ್ತೆ ಮುಟ್ಟುವುದಿಲ್ಲವೆಂದು ಆತ್ಯಾ ಗುರುಗಳ ಮುಂದೆ ನೇಮ ಹಿಡಿದಿದ್ದಳು. ಮಿರಜದ ಕೋಣೆ ಆಗಲೇ ಖಾಲಿಯಾಗಿತ್ತು. ಉಳಿದದ್ದು ಆ ಕೈಚೀಲ. ಅದರಿಂದ ಕುಂಚಗಳು ಮೃಣಾಲಳಿಗೆ ಹೋದವು, ಗಡಿಯಾರ ತಮ್ಮನಿಗೆ, ಎರಡು ಸೀರೆ ಪಕ್ಕದ ಮನೆಯ ಇಂದುಬಾಯಿಗೆ. ಚೀಲದ ತಳದಿಂದ ಕೊನೆಗೆ ಹಳದಿ ಫೋನು ಬಂತು. ಅವಳು ಅದನ್ನು ಸೆರಗಿನಿಂದ ಒರೆಸಿ ಸಂಮೇದನ ಅಂಗೈಯಲ್ಲಿಟ್ಟಳು.

"ತಗೋ. ಇದು ಆತು ಅಂದ್ರ ಎಲ್ಲಾ ಆತು."

ಅವನು ಆಗ ಬಾಯಿಬಿಟ್ಟ. ಒಂದು ಫೋಟೊ ತೆಗೆಯುತ್ತೇನೆ ಎಂದ. ಅವಳು ಬೇಡವೆಂದಳು, ಬಿಡುವವಳಿಗೆ ಚಿತ್ರ ಯಾಕೆ ಎಂದಳು. ಬಿಡುವವರು ನೀವು, ಇಟ್ಟುಕೊಳ್ಳುವವರು ನಾವಲ್ಲವೇ ಎಂದು ಅವನು ಕೇಳಿದ. ಅಷ್ಟರಲ್ಲಿ ಮೃಣಾಲ ತನ್ನ ಹೊಸ ಫೋನಿನಲ್ಲಿ ಸದ್ದಿಲ್ಲದೆ ಹತ್ತು ಹೊಡೆದು ತಂದು, ಹೇ ಬಘಾ ಆಜೀ, ಇದನ್ನ ನೋಡ್ರಿ, ಎಂದು ಮುಂದೆ ಹಿಡಿದಳು. ಫೋನು ತಾನೇ ಮುಂದೆ ಬಿದ್ದು ಅಜ್ಜಿಯ ಸುಕ್ಕುಗಳಿಗೆ ಇಸ್ತ್ರಿ ಮಾಡಿತ್ತು.

"ಇದು ಮತ್ತ ನನಗ ವರಾ ನೋಡಾಕ ಹೊಂಟೈತಿ," ಎಂದಳು ಆತ್ಯಾ. ಆಮೇಲೆ ಸಂಮೇದನ ಕಡೆ ತಿರುಗಿ, "ಒಂದು ತಗಿ. ಅದರಾಗ ತಗಿ. ಊಟಾ ಆದ ಮ್ಯಾಲ."

ಹೊತ್ತು ಮುಳುಗುವ ಮೊದಲು ಊಟವಾಗಬೇಕು. ಅದು ಮುಗಿದೊಡನೆ ಬಸ್ತಿಯಿಂದ ಗಾಡಿ ಬರುತ್ತದೆ. ಫೋನಿನಲ್ಲಿ ಹದಿನೆಂಟು ಪರ್ಸೆಂಟು ಬ್ಯಾಟರಿ ಉಳಿದಿತ್ತು. ಸಂಮೇದ ಪಿನ್ನನ್ನು ಓರೆ ಮಾಡಿ, ಮೇಲೊಂದು ತೂಕದ ಕಲ್ಲಿಟ್ಟು ಚಾರ್ಜಿಗೆ ಹಚ್ಚಿ ಊಟಕ್ಕೆ ಕೂತ. ಬಾಪೂಸಾಹೇಬರು ಅವಳ ತಾಟಿಗೆ ಮೂರು ಸಲ ತುಪ್ಪ ಹಾಕಿದರು, ಮೂರು ಸಲವೂ ಅವಳು ಬೇಡವೆನ್ನಲಿಲ್ಲ. ಸಂಮೇದ ನಗಿಸಲೆಂದು ಪಂಡಿತರ ದನಿ ತೆಗೆದ, ಅರ್ಧಕ್ಕೇ ಬಿಟ್ಟ. ಎದ್ದು ಬಂದು ನೋಡಿದರೆ ಕಲ್ಲು ಸರಿದು ಪಿನ್ನು ಜಾರಿತ್ತು. ಹದಿನೇಳು.

ಹಿತ್ತಿಲಲ್ಲಿ ಪಡುವಣದ ಬಿಸಿಲು ಇನ್ನೂ ಒಂದು ಮೊಳ ಇತ್ತು. ಆತ್ಯಾ ಗೋಡೆಯ ಮುಂದಿನ ಕಲ್ಲಿನ ಮೇಲೆ ಕೂತಳು. ಸಂಮೇದ ಫೋನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ, ಗಂಟಲು ಸರಿಮಾಡಿಕೊಂಡು ಅವಳದೇ ದನಿಯಲ್ಲಿ, ಯಾರೂ ಉಸರ ಬಿಡಬ್ಯಾಡ್ರಿ, ಎಂದ. ಗುಂಡಿಯನ್ನು ಒತ್ತಿದ. ನಾಲ್ಕು ಸೆಕೆಂಡು. ಪರದೆಯ ಮೇಲೆ ಹಿಂದಿನ ಗೋಡೆಯ ಸುಣ್ಣ ಹಕ್ಕಳೆಯೆದ್ದದ್ದು ಒಂದೊಂದೂ ಕಂಡಿತು, ಗೋಡೆಯ ಮೇಲೆ ಹೊರಟ ಇರುವೆಯ ಸಾಲು ಕಂಡಿತು. ಆತ್ಯಾ ಮಾತ್ರ ಹಬೆ.

ಬ್ಯಾಟರಿ ಒಂಬತ್ತಕ್ಕೆ ಬಂದಿತ್ತು. ಹೊರಗೆ ಗಾಡಿಯ ಹಾರ್ನು ಕೇಳಿಸಿತು.

ಹನ್ನೊಂದು ವರ್ಷ ಸಂಮೇದ ಅವಳ ದನಿ ಕಲಿತಿದ್ದ, ಅವಳ ಬೆರಳು ಕಲಿತಿರಲಿಲ್ಲ. ಈ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಆ ಫೋನಿನ ಮುಂದೆ ನಿಂತವರೇ ಎಲ್ಲ. ಹಿಂದೆ ನಿಂತವಳು ಅವಳೊಬ್ಬಳೇ.

"ಹೆಂಗರಿ ಇದು?" ಎಂದ ಅವನು. ಅದು ಅವನದೇ ದನಿ.

"ಏನ ಒತ್ತತೀಯೋ ಅದನ್ನ, ಬೋರಿಂಗಿನ ಹ್ಯಾಂಡಲ್ ಒತ್ತಿದಂಗ? ಕೊಡಿಲ್ಲೆ," ಎಂದು ಆತ್ಯಾ ಕೈ ಚಾಚಿದಳು.

ಬೆರಳ ತುದಿ ಹಳದಿ ಅಂಚಿನಿಂದ ಒಂದು ಗೇಣು ದೂರ ಬಂದಾಗ ಕೈ ನಿಂತಿತು. ಬಾಪೂಸಾಹೇಬರು ಮುಖ ಹೊರಳಿಸಿದರು. ಕೊಟ್ಟಾಗಿತ್ತು. ಆತ್ಯಾ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟಳು, ಅದು ಬೇರೆ ಯಾರದೋ ಕೈಯೆಂಬಂತೆ ಒಂದು ಗಳಿಗೆ ನೋಡಿದಳು. ಆಮೇಲೆ ಬಾಯಿಯಿಂದಲೇ ಕಲಿಸತೊಡಗಿದಳು.

ಹೆಬ್ಬೆರಳು ಕೆಳಗ ಇಡು. ಮೊಣಕೈ ಪಕ್ಕೀಗೆ ಹಚ್ಚು, ಹಕ್ಕಿ ಹಂಗ ರೆಕ್ಕಿ ಬಿಚ್ಚಬ್ಯಾಡ. ನನ್ನ ಕಣ್ಣು ನೋಡು, ಗ್ವಾಡಿ ನೋಡಬ್ಯಾಡ. ಈಗ ತೋರಬೆರಳು, ಹಗುರಕ. ಅವನು ಒತ್ತಿದ, ಬಿಟ್ಟ. ಮತ್ತೆ ಒತ್ತಿದ, ಮತ್ತೆ ಬಿಟ್ಟ. ಬ್ಯಾಟರಿ ಏಳಕ್ಕಿಳಿಯಿತು. ಅವಳಿಗೆ ಕೂತಲ್ಲಿ ತಡೆಯಲಾಗಲಿಲ್ಲ. ಬೆನ್ನು ಮುಂದಕ್ಕೆ ಬಂತು, ಸೆರಗು ಜಾರಿತು, ಬಲಗೈ ತಾನಾಗಿ ಗಾಳಿಯಲ್ಲಿ ಎದ್ದು ತೋರುಬೆರಳು ಮಡಿಚಿತು.

"ಅರ್ಧ ಒತ್ತೋ. ಅರ್ಧ. ಹಿಡಿ ಅಲ್ಲೇ, ಬಿಡಬ್ಯಾಡ. ಬೆರಳಿಗೆ ತಿಳೀತೈತಿ, ಒಂದ ಸಣ್ಣ ಮೆಟ್ಟಲಾ ಸಿಗತೈತಿ."

ಸಿಕ್ಕಿತು. ಗುಂಡಿಯ ಒಳಗೆ, ಚರ್ಮಕ್ಕಷ್ಟೇ ತಿಳಿಯುವಂಥ ಒಂದು ಮೆಟ್ಟಿಲು. ಪರದೆಯಲ್ಲಿ ಹಬೆ ಸರಿದು ಅವಳ ಮುಖ ಮೇಲೆ ಬಂತು. ಅವನು ನಗಿಸಬೇಕೆಂದಿದ್ದ, ಆ ಕ್ಷಣಕ್ಕೆಂದೇ ಜಂಕ್ಷನ್ನಿನ ದನಿಯನ್ನು ಸಿದ್ಧಮಾಡಿಟ್ಟುಕೊಂಡಿದ್ದ. ಒಂದೂ ನೆನಪಾಗಲಿಲ್ಲ. ಅವನು ಪೂರ್ತಿ ಒತ್ತಿದ.

ಪರದೆ ಕಪ್ಪಾಯಿತು. ನಾಲ್ಕು ಸೆಕೆಂಡು ಕಳೆದವು. ಎಂಟು ಕಳೆದವು. ಅವನು ಪಕ್ಕದ ಸ್ವಿಚ್ಚನ್ನು ಒತ್ತಿ ನೋಡಿದ, ಅಂಗೈಯಲ್ಲಿ ತಟ್ಟಿ ನೋಡಿದ. ಫೋನು ಸತ್ತಿತ್ತು.

"ಬಂತೇನೋ?" ಎಂದು ಕೇಳಿದಳು ಆತ್ಯಾ, ಏಳುತ್ತ.

ಬಂತೆಂದು ಹೇಳಬಹುದಿತ್ತು. ಎಷ್ಟೋ ಜನರ ದನಿಯಲ್ಲಿ ಎಷ್ಟೋ ಸುಳ್ಳು ಹೇಳಿದವನು ಅವನು.

"ಗೊತ್ತಿಲ್ರಿ, ಆತ್ಯಾ."

"ಬಂದೈತಿ," ಎಂದಳು ಅವಳು. "ಎರಡ ಸಲ ಸಪ್ಪಳಾತು. ನಾ ಕೇಳೇನಿ."

ಅಷ್ಟು ಹೇಳಿ ಸೆರಗು ಸರಿಪಡಿಸಿಕೊಂಡು ಮನೆಯ ನಡುವಿನಿಂದ ನಡೆದು ಹೊರಬಾಗಿಲಿಗೆ ಹೋದಳು. ತಮ್ಮನ ಮುಂದೆ ಒಂದು ಕ್ಷಣ ನಿಂತಳು. ಚಪ್ಪಲಿ ಹಾಕಿಕೊಳ್ಳದೆ ಗಾಡಿ ಹತ್ತಿದಳು.

ಮನೆಯವರು ಅಂಗಳದಲ್ಲೇ ಉಳಿದರು. ಸಂಮೇದ ಒಳಗೆ ಬಂದು ನೆಲಕ್ಕೆ ಕೂತು, ಪಿನ್ನನ್ನು ಫೋನಿಗೆ ಹಚ್ಚಿ, ಈ ಸಲ ಕಲ್ಲು ಗಿಲ್ಲು ಇಡದೆ ವಾಯರನ್ನು ಕೈಯಲ್ಲೇ ಓರೆ ಹಿಡಿದುಕೊಂಡ. ಹತ್ತು ನಿಮಿಷ ಏನೂ ಇಲ್ಲ. ಬೆರಳು ಜುಮುಗುಟ್ಟಿದವು. ಮೃಣಾಲ ತಾನು ಹಿಡಿಯಲೇ ಎಂದು ಕೇಳಿದ್ದಕ್ಕೆ ಬೇಡವೆಂದ. ಕೊನೆಗೆ ಫೋನು ನಡುಗಿ ಎದ್ದು, ಯಾವುದೋ ಕಾಲದ ಸ್ವಾಗತದ ಸಂಗೀತ ನುಡಿಸಿ, ಸಾವಕಾಶವಾಗಿ ಫೋಟೊಗಳ ಪೆಟ್ಟಿಗೆ ತೆರೆಯಿತು. ಕಟ್ಟಕಡೆಯಲ್ಲಿ ಅದು ಇತ್ತು.

ನಗುವಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಹುಬ್ಬು ಗಂಟಿಕ್ಕಿತ್ತು, ಚಸ್ಮಾ ಮೂಗಿನ ತುದಿಗೆ ಜಾರಿತ್ತು. ಪಡುವಣದ ಬಿಸಿಲಲ್ಲಿ ಸುಕ್ಕು ಸುಕ್ಕಿಗೂ ಬೇರೆ ಬೇರೆ ನೆರಳು. ಗಾಳಿಯಲ್ಲಿ ಎತ್ತಿದ ಕೈಯ ತೋರುಬೆರಳು ಇಲ್ಲದ ಗುಂಡಿಯ ಮೇಲೆ ಅರ್ಧ ಮಡಿಚಿ ನಿಂತಿತ್ತು. ಸಂಮೇದ ಹಿಗ್ಗಿಸಿದ, ಇನ್ನಷ್ಟು ಹಿಗ್ಗಿಸಿದ. ಉಗುರಿನ ಸಂದಿಯಲ್ಲಿ ಯಾವತ್ತಿನದೋ ನೀಲಿ ಬಣ್ಣ ಹಾಗೇ ಕೂತಿತ್ತು.

ಬಾಪೂಸಾಹೇಬರು ಯಾವಾಗ ಬಂದು ಹಿಂದೆ ಬಗ್ಗಿ ನಿಂತರೋ ತಿಳಿಯಲಿಲ್ಲ. ಅವರು ಬಹಳ ಹೊತ್ತು ನೋಡಿದರು.

"ಬಯ್ಯಾಕತ್ತಾಳ," ಎಂದರು.

"ಹೂಂರಿ ಅಪ್ಪಾ. ನನಗ."

"ನಿನಗಲ್ಲೋ," ಎಂದರು ಅವರು, ಅವನ ಪಕ್ಕದಲ್ಲಿ ನೆಲಕ್ಕೆ ಕೂರುತ್ತ. "ನನಗ. ಸಣ್ಣಾಂವ ಇದ್ದಾಗಿಂದ ಹಿಂಗ ನೋಡ್ತಾಳ ನನ್ನ. ವಾಯರ ಇತ್ಲಾಗ ಕೊಡು, ನಾ ಹಿಡೀತೇನಿ."